ಕಂಪ್ಯೂಟರಿಗೆ ವೈರಸ್ ಬಂದ ಅನುಮಾನವಿದ್ದರೆ: ಮೊದಲು ನೆಟ್ ಕಳಚಿ, ಮದ್ದು ಆಮೇಲೆ



ಈ ಸಂಚಿಕೆಗೆ ಮಳೆಗಾಲದ ಕೆಚ್ಚಲು ಬಾವಿನ ಬಗ್ಗೆ ಬರೆಯುವುದೆಂದು ಅಂದುಕೊಂಡಿದ್ದೆ. ಅದನ್ನು ಮುಂದಕ್ಕೆ ಇಟ್ಟು ಕಂಪ್ಯೂಟರಿನ ವಿಷಯ ಎತ್ತಿಕೊಂಡಿದ್ದೇನೆ. ಪಶುವೈದ್ಯರಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಇಸಳೂರು ಕಡೆ ಇರಲಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿರಲಿ, ಕೊಟ್ಟಿಗೆಯ ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಈಗೀಗ ಇನ್ನೊಂದು ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಮಗಳ ಲ್ಯಾಪ್‌ಟಾಪಿಗೆ ವೈರಸ್ ಬಂದಿದ್ಯಂತೆ. ಅದ್ರಲ್ಲೇ ಬ್ಯಾಂಕಿಂದೂ ನೋಡ್ತಿದ್ವಿ. ಎಂತ ಮಾಡೋದು?"

ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು, ಬೆಂಗಳೂರಿನ ಕಂಪನಿ ಕೆಲಸವನ್ನು ಊರಿನಿಂದಲೇ ಮಾಡಲೆಂದು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಲ್ಯಾಪ್‌ಟಾಪ್ ಮತ್ತು ವೈಫೈ ಬಂದವು. ಅವು ಈಗಲೂ ಇವೆ. ಹಾಲಿನ ಬಿಲ್ಲು ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ರಾಜ್ಯ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅದೇ ಖಾತೆಗೆ ಬರುತ್ತದೆ. ಆ ಖಾತೆ ತೆರೆದು ನೋಡುವುದು ಮನೆಯ ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ. ಕಂಪ್ಯೂಟರ್ ಮಕ್ಕಳದ್ದು, ನಮಗೆ ಅದರ ಗೊತ್ತಿಲ್ಲ ಎಂದು ಹೆಚ್ಚಿನವರು ಕೈ ಬಿಡುತ್ತಾರೆ. ಕಂಪ್ಯೂಟರ್ ಮಕ್ಕಳದ್ದೇ ಇರಬಹುದು, ಖಾತೆ ನಿಮ್ಮದು.

ಮಾಲ್‌ವೇರ್ ಎಂದರೆ ಕೆಡುಕು ಮಾಡಲೆಂದೇ ಯಾರೋ ಬರೆದ ಕಂಪ್ಯೂಟರ್ ಪ್ರೋಗ್ರಾಂ. ನಾವು ಬಾಯಿಮಾತಿಗೆ ಎಲ್ಲವನ್ನೂ ವೈರಸ್ ಎನ್ನುತ್ತೇವೆ. ಈ ಲೇಖನದಲ್ಲೂ ಹಾಗೇ ಕರೆಯುತ್ತೇನೆ.

ರೋಗವೋ, ಬೇರೆ ಏನಾದರೂ ಇದೆಯೋ

ಹಾಲು ಕಡಿಮೆ ಕೊಟ್ಟ ಆಕಳಿಗೆಲ್ಲ ರೋಗ ಇರುವುದಿಲ್ಲ. ಬೆದೆಗೆ ಬಂದಿರಬಹುದು, ಹಿಂಡಿ ಬದಲಾಗಿರಬಹುದು, ನೀರು ಸಾಲದೆ ಇರಬಹುದು. ಕಂಪ್ಯೂಟರ್ ನಿಧಾನವಾಯಿತು ಎಂದ ಕೂಡಲೇ ವೈರಸ್ ಎನ್ನುವುದೂ ಹಾಗೆಯೇ. ನಮ್ಮ ಮಲೆನಾಡಿನ ಮಳೆಗಾಲದ ತೇವ, ಹೋಗಿ ಬರುವ ಕರೆಂಟು, ಫ್ಯಾನಿನಲ್ಲಿ ಕಟ್ಟಿದ ಧೂಳು, ಫೋಟೋ ವಿಡಿಯೋ ತುಂಬಿ ಜಾಗವೇ ಇಲ್ಲದ ಡಿಸ್ಕ್, ಹಿಂದುಗಡೆ ಸದ್ದಿಲ್ಲದೆ ನಡೆಯುವ ವಿಂಡೋಸ್ ಅಪ್‌ಡೇಟ್, ಇವೆಲ್ಲವೂ ಕಂಪ್ಯೂಟರನ್ನು ನಿಧಾನ ಮಾಡುತ್ತವೆ. ಏಳೆಂಟು ವರ್ಷ ಹಳೆಯ ಯಂತ್ರವಾದರೆ ಅದಕ್ಕೆ ವಯಸ್ಸೂ ಆಗಿದೆ. ಬರೀ ನಿಧಾನ ಎಂಬ ಒಂದೇ ಲಕ್ಷಣ ಇಟ್ಟುಕೊಂಡು ಗಾಬರಿ ಆಗಬೇಡಿ.

ಅನುಮಾನ ಪಡಬೇಕಾದ ಲಕ್ಷಣಗಳು ಬೇರೆ. ಆ್ಯಂಟಿವೈರಸ್ ತಾನಾಗಿ ಆಫ್ ಆಗಿದೆ, ಆನ್ ಮಾಡಿದರೂ ಆಗುತ್ತಿಲ್ಲ. ನೀವು ಹಾಕದ ಪ್ರೋಗ್ರಾಂ ಕಾಣಿಸಿಕೊಂಡಿದೆ. ಗೂಗಲ್ ತೆರೆದರೆ ಇನ್ನಾವುದೋ ಪುಟಕ್ಕೆ ಹೋಗುತ್ತದೆ. ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ನಿಂತಿವೆ. ನೀವು ಕಳಿಸದ ಸಂದೇಶ ನಿಮ್ಮ ಹೆಸರಿನಿಂದ ನೆಂಟರಿಗೆ ಹೋಗಿದೆ. ನೀವು ಏನೂ ಮಾಡದೆ ಒಟಿಪಿ ಬರುತ್ತಿದೆ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಕ್ರಮ ತೆಗೆದುಕೊಳ್ಳಿ. ಕಡತಗಳ ಹೆಸರಿನ ಬಾಲ ಬದಲಾಗಿ, ಯಾವುದೂ ತೆರೆಯದೆ, ದುಡ್ಡು ಕೊಡಿ ಎಂಬ ಬರಹ ಬಂದಿದ್ದರೆ ಅದು ಒತ್ತೆ ವೈರಸ್. ಅದರ ಮಾತು ಮುಂದೆ ಬರುತ್ತದೆ.

ಕೆಲವು ವೈರಸ್ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಒಳಗಿನ ಕೆಚ್ಚಲು ಬಾವು ನಿಮಗೆ ಗೊತ್ತಿರುವುದೇ. ಕೆಚ್ಚಲು ಊದಿರುವುದಿಲ್ಲ, ಹಾಲು ನೋಡಲು ಚೆನ್ನಾಗಿರುತ್ತದೆ, ಸಿಎಂಟಿ ಪರೀಕ್ಷೆ ಮಾಡಿದಾಗ ಮಾತ್ರ ಗಟ್ಟಿಯಾಗಿ ಸಿಕ್ಕಿಬೀಳುತ್ತದೆ. ಮಾಹಿತಿ ಕದಿಯುವ ವೈರಸ್ ಇದೇ ಜಾತಿಯದು. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿರುತ್ತದೆ, ಒಳಗೆ ಅದು ಕ್ರೋಮಿನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡುಗಳನ್ನು ಎತ್ತಿ ಕಳಿಸುತ್ತಿರುತ್ತದೆ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ 'ಲುಮ್ಮಾ' ಎಂಬ ಇಂಥ ಒಂದು ವೈರಸ್ಸಿನ ಜಾಲವನ್ನು ಮುರಿದರು. ಅದಕ್ಕೆ ಹಿಂದಿನ ಎರಡು ತಿಂಗಳಲ್ಲೇ ಜಗತ್ತಿನಲ್ಲಿ 3,94,000ಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಅದು ಸಿಕ್ಕಿತ್ತು. ಅದಕ್ಕಾಗಿಯೇ ಬ್ಯಾಂಕಿನ ಪಾಸ್‌ವರ್ಡನ್ನು ಕ್ರೋಮಿನಲ್ಲಿ ಉಳಿಸಿಡಬೇಡಿ ಎಂದು ಹೇಳುವುದು. ಅದು 'ಉಳಿಸಲೇ?' ಎಂದು ಕೇಳಿದಾಗ 'ಬೇಡ' ಒತ್ತಿ.

ಕೂಗುವ ಪರದೆ

ನನ್ನ ಹತ್ತಿರ ಬರುವ ಹತ್ತು ಪ್ರಶ್ನೆಗಳಲ್ಲಿ ಅರ್ಧ ಇದರದ್ದೇ. ಏನೋ ಹುಡುಕುತ್ತಿದ್ದಾಗ ಪರದೆ ತುಂಬ ಕೆಂಪು ಬಣ್ಣ ಬರುತ್ತದೆ, ಸೈರನ್ ಕೂಗುತ್ತದೆ. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ' ಎಂದು ಮೈಕ್ರೋಸಾಫ್ಟಿನ ಗುರುತು ಹಾಕಿಕೊಂಡ ಬರಹ ಇರುತ್ತದೆ. ಮೌಸ್ ಅಲುಗಾಡುವುದಿಲ್ಲ.

ಇಸಳೂರಿನ ಆಚೆ ಒಂದು ಮನೆಯಲ್ಲಿ ಹೀಗೇ ಆಯಿತು. ಕಾಲೇಜಿಗೆ ಹೋಗುವ ಹುಡುಗಿ ಹೆದರಿ ಆ ಸಂಖ್ಯೆಗೆ ಕರೆ ಮಾಡಲು ಹೊರಟಿದ್ದಳು. ಒಳಗಿನಿಂದ ಬಂದ ಅಜ್ಜಿಗೆ ಆ ಕೂಗು ತಡೆಯಲಾಗದೆ ಸ್ವಿಚ್ ಬೋರ್ಡಿನಲ್ಲಿದ್ದ ಎಲ್ಲ ಪ್ಲಗ್ಗುಗಳನ್ನೂ ಕಿತ್ತರಂತೆ. ರೂಟರಿನದ್ದೂ ಅದರಲ್ಲಿ ಹೋಯಿತು. ಮನೆಯವರಿಗೆಲ್ಲ ಅಜ್ಜಿಯ ಮೇಲೆ ಸಿಟ್ಟು. ನನ್ನನ್ನು ಕೇಳಿದರೆ ಆ ಹೊತ್ತಿನಲ್ಲಿ ಸರಿಯಾದ ಕೆಲಸ ಮಾಡಿದವರು ಅವರೊಬ್ಬರೇ.

ಅಲ್ಲಿ ವೈರಸ್ ಇರಲೇ ಇಲ್ಲ. ಇಂಥ ಪರದೆ ಬರೀ ಒಂದು ವೆಬ್ ಪುಟ, ಹೆದರಿಸಲೆಂದೇ ಮಾಡಿದ್ದು. ಮೈಕ್ರೋಸಾಫ್ಟ್ ತನ್ನ ಯಾವ ಎಚ್ಚರಿಕೆಯಲ್ಲೂ ಫೋನ್ ಸಂಖ್ಯೆ ಹಾಕುವುದಿಲ್ಲ ಎಂದು ಅವರೇ ತಿಳಿಸಿದ್ದಾರೆ. ಸಂಖ್ಯೆ ಕಂಡಿತು ಎಂದರೆ ಸುಳ್ಳು ಎಂದು ಅಲ್ಲಿಗೇ ತೀರ್ಮಾನ ಮಾಡಿ. ನಿಜವಾದ ಅಪಾಯ ಆ ಸಂಖ್ಯೆಗೆ ಕರೆ ಮಾಡಿದ ಮೇಲೆ ಶುರುವಾಗುತ್ತದೆ. ಆಚೆ ಬದಿಯವರು ಬಹಳ ವಿನಯದಿಂದ ಮಾತಾಡಿ, ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಎಂಬ ಪ್ರೋಗ್ರಾಂ ಹಾಕಿಸಿ, ನಿಮ್ಮ ಕಂಪ್ಯೂಟರನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಆ ಪ್ರೋಗ್ರಾಂಗಳು ತಾವಾಗಿ ಕೆಟ್ಟವಲ್ಲ, ಕಂಪನಿಗಳಲ್ಲಿ ದೂರದಿಂದ ರಿಪೇರಿ ಮಾಡಲು ಬಳಸುತ್ತಾರೆ. ಆದರೆ ಗುರುತಿಲ್ಲದವರ ಕೈಗೆ ಅದನ್ನು ಕೊಡುವುದೂ ಮನೆಯ ಕಪಾಟಿನ ಬೀಗದ ಕೈ ಕೊಡುವುದೂ ಒಂದೇ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. 2023ರ ಅಕ್ಟೋಬರಿನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಶೋಧ ನಡೆಸಿದಾಗ, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ದೂರಿನ ಮೇಲೆ ಇಂಥ ನಕಲಿ ಸಹಾಯ ಕೇಂದ್ರಗಳ ಮೇಲೂ ದಾಳಿ ಆಯಿತು.

ಕೂಗುವ ಪರದೆ ಬಂದರೆ ಆಲ್ಟ್ ಕೀ ಹಿಡಿದು ಎಫ್4 ಒತ್ತಿ. ಹೋಗದಿದ್ದರೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ಕ್ರೋಮ್ 'ಹಳೆಯ ಪುಟಗಳನ್ನು ಮರಳಿ ತೆರೆಯಲೇ?' ಎಂದು ಕೇಳಿದರೆ ಬೇಡ ಎನ್ನಿ. ಪರದೆಯ ಬಲಬದಿ ಕೆಳಮೂಲೆಯಲ್ಲಿ ದಿನವೂ 'ವೈರಸ್ ಇದೆ, ಕ್ಲಿಕ್ ಮಾಡಿ' ಎಂದು ಚೀಟಿ ಬರುತ್ತಿದ್ದರೆ, ಯಾವಾಗಲೋ ಒಂದು ವೆಬ್‌ಸೈಟಿಗೆ 'ಅಲೋ' ಒತ್ತಿದ್ದರ ಫಲ ಅದು. ಕ್ರೋಮಿನ ಸೆಟ್ಟಿಂಗ್ಸ್, ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಒಂದೊಂದಾಗಿ ಒಳಗೆ ಹೋದರೆ ಅನುಮತಿ ಪಡೆದ ಸೈಟುಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ ಹೆಸರುಗಳನ್ನು ಅಳಿಸಿದರೆ ಚೀಟಿ ನಿಲ್ಲುತ್ತದೆ.

ಆದರೆ ಕರೆ ಮಾಡಿ ಆಗಿದೆ, ಅವರು ಹೇಳಿದ ಪ್ರೋಗ್ರಾಂ ಹಾಕಿ ಆಗಿದೆ ಎಂದಾದರೆ ಇದು ಬರೀ ಸುಳ್ಳು ಪರದೆಯ ಮಾತಲ್ಲ. ಮುಂದೆ ಹೇಳುವ ಕ್ರಮ ಪೂರ್ತಿ ಮಾಡಬೇಕು.

ಮೊದಲ ಒಂದು ತಾಸು

ಕಾಲುಬಾಯಿ ರೋಗದ ಅನುಮಾನ ಬಂದಾಗ ನೀವು ಮಾಡುವ ಮೊದಲ ಕೆಲಸ ಯಾವುದು? ಡಾಕ್ಟರು ಬರಲಿ, ಬರದೇ ಇರಲಿ, ಆ ಆಕಳನ್ನು ಬೇರೆ ಕಟ್ಟುತ್ತೀರಿ. ಅದರ ಬಾನಿಯನ್ನು ಉಳಿದವಕ್ಕೆ ಇಡುವುದಿಲ್ಲ. ಇಲ್ಲಿಯೂ ಅದೇ. ರೂಟರಿನ ಪ್ಲಗ್ ತೆಗೆಯಿರಿ. ಮೊಬೈಲಿನಿಂದ ನೆಟ್ ಕೊಡುತ್ತಿದ್ದರೆ ಹಾಟ್‌ಸ್ಪಾಟ್ ಬಂದ್ ಮಾಡಿ. ಕದ್ದ ಮಾಹಿತಿ ಆಚೆ ಹೋಗುವುದೂ, ಆಚೆಯವರ ಅಪ್ಪಣೆ ಒಳಗೆ ಬರುವುದೂ ನೆಟ್ ಮೂಲಕವೇ. ದಾರಿ ಮುಚ್ಚಿದರೆ ವೈರಸ್ ಒಳಗೇ ಇದ್ದರೂ ಅದರ ಕೈ ಕಟ್ಟಿದ ಹಾಗೆ. ಸಿಕ್ಕಿಸಿದ್ದ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ತೆಗೆದಿಡಿ. ಅವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ 'ನೋಡೋಣ' ಎನ್ನಬೇಡಿ.

ಪರದೆಯ ಮೇಲೆ ಏನು ಬಂದಿದೆಯೋ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದಿನಾಂಕ, ವೇಳೆ ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ದೂರು ಕೊಡಬೇಕಾದರೆ ಇದೇ ಆಧಾರ.

ಅನುಮಾನದ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಏನನ್ನೂ ಹಾಕಬೇಡಿ. 'ಬೇಗ ಪಾಸ್‌ವರ್ಡ್ ಬದಲಿಸೋಣ' ಎಂದು ಅದೇ ಕಂಪ್ಯೂಟರಿನಲ್ಲಿ ಕುಳಿತರೆ ಹೊಸ ಪಾಸ್‌ವರ್ಡನ್ನೂ ಕಳ್ಳರಿಗೆ ಬರೆದುಕೊಟ್ಟಂತೆ ಆಗುತ್ತದೆ. ಬೇರೆ ಮೊಬೈಲ್ ಹಿಡಿಯಿರಿ. ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿನದ್ದು ಅದರ ನಂತರ. ಇದು ತಲೆಕೆಳಗು ಎನಿಸಬಹುದು. ಆದರೆ ಹೆಚ್ಚಿನ ಖಾತೆಗಳಲ್ಲಿ 'ಪಾಸ್‌ವರ್ಡ್ ಮರೆತಿದೆ' ಎಂದು ಒತ್ತಿದರೆ ಹೊಸದು ಬರುವುದು ಇಮೇಲಿಗೆ. ಇಮೇಲ್ ಕಳ್ಳರ ಕೈಯಲ್ಲಿದ್ದರೆ ಉಳಿದ ಬೀಗಗಳಿಗೆ ಅರ್ಥವಿಲ್ಲ. ಜಿಮೇಲಿನಲ್ಲಿ ನಿಮ್ಮ ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಅಲ್ಲಿಂದ ಆ ಕಂಪ್ಯೂಟರನ್ನು ಹೊರಗೆ ಹಾಕಿ. ವಾಟ್ಸ್‌ಆ್ಯಪಿನಲ್ಲೂ 'ಲಿಂಕ್ಡ್ ಡಿವೈಸಸ್' ತೆರೆದು, ಕಂಪ್ಯೂಟರಿಗೆ ಜೋಡಿಸಿದ್ದರೆ ಲಾಗ್ ಔಟ್ ಮಾಡಿ.

ಇದೇ ಹೊತ್ತಿನಲ್ಲಿ ಮಕ್ಕಳನ್ನು ಕೇಳಬೇಕಾದ್ದು ಒಂದಿದೆ: ಕೊನೆಯದಾಗಿ ಏನು ಡೌನ್‌ಲೋಡ್ ಮಾಡಿದ್ದು, ಯಾವ ಲಿಂಕ್ ತೆರೆದದ್ದು, ಯಾರ ಪೆನ್‌ಡ್ರೈವ್ ಹಾಕಿದ್ದು. ಕೇಳುವ ರೀತಿಯಲ್ಲಿ ಎಲ್ಲ ಇದೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಆಕಳಿಗೆ ಹಾಕಿ ಹೊಟ್ಟೆ ಉಬ್ಬರಿಸಿದಾಗ, ಬೈಗುಳಕ್ಕೆ ಹೆದರಿ 'ಏನೂ ಹಾಕಿಲ್ಲ, ಬರೀ ಹುಲ್ಲು' ಎನ್ನುವವರಿದ್ದಾರೆ. ಅನ್ನ ತಿಂದದ್ದು ಗೊತ್ತಿದ್ದರೆ ಚಿಕಿತ್ಸೆ ಒಂದು ದಾರಿಯಲ್ಲಿ ಹೋಗುತ್ತದೆ, ಗೊತ್ತಿಲ್ಲದಿದ್ದರೆ ಅಮೂಲ್ಯವಾದ ಎರಡು ತಾಸು ಕಳೆದುಹೋಗುತ್ತದೆ. ಮಗ ಆಟದ 'ಕ್ರ್ಯಾಕ್' ಇಳಿಸಿಕೊಂಡಿದ್ದನ್ನು ಮುಚ್ಚಿಟ್ಟರೂ ಇದೇ ಪರಿಸ್ಥಿತಿ. ಬೈಯುವುದನ್ನು ನಾಳೆಗೆ ಇಟ್ಟುಕೊಳ್ಳಿ.

ಸ್ವಚ್ಛ ಮಾಡುವುದು

ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಆ್ಯಂಟಿವೈರಸ್ ಮೊದಲೇ ಇರುತ್ತದೆ, ಅದಕ್ಕೆ ದುಡ್ಡು ಬೇಡ. ನೆಟ್ ಇಲ್ಲದೆಯೇ 'ವಿಂಡೋಸ್ ಸೆಕ್ಯೂರಿಟಿ' ತೆರೆದು 'ಫುಲ್ ಸ್ಕ್ಯಾನ್' ಕೊಡಿ. ಇದಕ್ಕೆ ಕೆಲವು ತಾಸು ಬೇಕಾಗಬಹುದು, ಚಾರ್ಜರ್ ಹಾಕಿಯೇ ಇರಲಿ. ಅದಾದ ಮೇಲೆ ಅಲ್ಲೇ ಇರುವ 'ಆಫ್‌ಲೈನ್ ಸ್ಕ್ಯಾನ್' ಕೊಡಿ. ಕಂಪ್ಯೂಟರ್ ತಾನಾಗಿ ಆಫ್ ಆಗಿ ಮತ್ತೆ ಶುರುವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ಎಚ್ಚರವಿದ್ದಾಗ ಆ್ಯಂಟಿವೈರಸ್ಸಿನ ಕಣ್ಣಿಗೆ ಮಣ್ಣೆರಚುವ ವೈರಸ್ಸುಗಳು ನಿದ್ದೆಯಲ್ಲಿ ಸಿಕ್ಕಿಬೀಳುತ್ತವೆ. ಸಿಕ್ಕಿದ್ದನ್ನು ತೆಗೆದ ಮೇಲೆ ನೆಟ್ ಜೋಡಿಸಿ, ಅಪ್‌ಡೇಟ್ ಮಾಡಿ, ಇನ್ನೊಮ್ಮೆ ಫುಲ್ ಸ್ಕ್ಯಾನ್ ಮಾಡಿ. ಹಳೆಯ ಅಪ್‌ಡೇಟಿನ ಆ್ಯಂಟಿವೈರಸ್ಸಿಗೆ ಹೊಸ ವೈರಸ್ಸಿನ ಗುರುತು ಇರುವುದಿಲ್ಲ.

ಕೇಂದ್ರ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ' 2017ರ ಫೆಬ್ರುವರಿ 21ರಂದು ಶುರುವಾಯಿತು. ಕಂಪ್ಯೂಟರಿನಿಂದ ವೈರಸ್ ತೆಗೆಯುವ ಪ್ರೋಗ್ರಾಂಗಳನ್ನು ಅದು ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಕೊಡುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತಂದರೆ ಡಿಫೆಂಡರ್ ಜೊತೆಗೆ ಎರಡನೇ ತಪಾಸಣೆಯೂ ಆಗುತ್ತದೆ. ಆದರೆ ಸದಾ ಕಾವಲು ಕಾಯುವ ಆ್ಯಂಟಿವೈರಸ್ ಒಂದೇ ಇರಲಿ. ಒಂದು ಒಳ್ಳೆಯದಾದರೆ ಮೂರು ಇನ್ನೂ ಒಳ್ಳೆಯದು ಎಂದು ಮೂರು ಹಾಕಿದರೆ ಅವು ಒಂದನ್ನೊಂದು ವೈರಸ್ ಎಂದುಕೊಂಡು ಜಗಳಾಡಿ ಕಂಪ್ಯೂಟರ್ ಏಳದ ಹಾಗೆ ಮಾಡುತ್ತವೆ.

ಇಷ್ಟಾದರೂ ಹೋಗದಿದ್ದರೆ ಉಳಿಯುವುದು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದು. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಾದರೆ, ಅದರಲ್ಲೂ ಗುರುತಿಲ್ಲದವರು ಒಳಗೆ ಬಂದು ಹೋಗಿದ್ದರೆ, ನಾನಂತೂ ಇದನ್ನೇ ಹೇಳುತ್ತೇನೆ. ಮೊದಲು ಫೋಟೋ, ಮಕ್ಕಳ ನೋಟ್ಸ್, ಪತ್ರಗಳನ್ನು ನಕಲು ಮಾಡಿಕೊಳ್ಳಿ. ಪ್ರೋಗ್ರಾಂಗಳನ್ನು ನಕಲು ಮಾಡಬೇಡಿ, ರೋಗ ಅವುಗಳ ಜೊತೆ ವಾಪಸ್ ಬರುತ್ತದೆ.

ಅಂಗಡಿಗೆ ಕೊಟ್ಟು ಮಾಡಿಸುವುದಾದರೆ ಒಂದು ಮಾತು ಮೊದಲೇ ಕೇಳಿ: 'ಹಾಕುವುದು ಅಸಲಿ ವಿಂಡೋಸೋ, ಕ್ರ್ಯಾಕೋ?' ಕಡಿಮೆ ದುಡ್ಡಿಗೆ ಕ್ರ್ಯಾಕ್ ವಿಂಡೋಸ್, ಕ್ರ್ಯಾಕ್ ಆಫೀಸ್ ಹಾಕಿಕೊಡುವವರು ಸಿಗುತ್ತಾರೆ. ಬೀಗ ಒಡೆದು ಕೊಡುವ ಆ ಪ್ರೋಗ್ರಾಮಿನ ಜೊತೆಗೇ ವೈರಸ್ ಬರುವುದು ಬಹಳ ಸಾಮಾನ್ಯ. ಎಷ್ಟೋ ಸಲ 'ಮೊದಲು ಆ್ಯಂಟಿವೈರಸ್ ಆಫ್ ಮಾಡಿ' ಎಂದು ಅದರ ಸೂಚನೆಯಲ್ಲೇ ಬರೆದಿರುತ್ತದೆ. ಚೀಟಿಯೇ ಇಲ್ಲದ ಬಾಟಲಿಯಿಂದ ಆಕಳಿಗೆ ಇಂಜೆಕ್ಷನ್ ಕೊಡಲು ಬಂದವರನ್ನು ನೀವು ಕೊಟ್ಟಿಗೆಯೊಳಗೆ ಬಿಡುವುದಿಲ್ಲ. ಅವರೇ ಬಂದು 'ಸ್ವಲ್ಪ ಹೊತ್ತು ಡಾಕ್ಟರನ್ನು ಕರೆಯಬೇಡಿ' ಎಂದರೆ? ಕನ್ನಡ ಟೈಪ್ ಮಾಡುವ 'ನುಡಿ'ಯನ್ನೂ ಕಂಡ ಕಂಡ ಸೈಟಿನಿಂದ ಇಳಿಸಿಕೊಳ್ಳುವವರಿದ್ದಾರೆ. ಅದು ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಸರ್ಕಾರ ಉಚಿತವಾಗಿಯೇ ಕೊಡುತ್ತದೆ. ಉಚಿತವಾಗಿ ಸಿಗುವುದಕ್ಕೆ ಕಳ್ಳದಾರಿ ಹಿಡಿಯುವ ಅಗತ್ಯವೇ ಇಲ್ಲ.

ಪೆನ್‌ಡ್ರೈವ್ ಎಂಬ ಉಣ್ಣೆ

ಮಂಗನ ಕಾಯಿಲೆಯನ್ನು ಸಿದ್ದಾಪುರದವರಿಗೆ ವಿವರಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗ ಉಣ್ಣೆಯ ಮೂಲಕ ಬರುತ್ತದೆ. ಉಣ್ಣೆ ಚಿಕ್ಕದು, ದರಕಿನ ಜೊತೆ, ದನದ ಮೈಮೇಲೆ ಕುಳಿತು ಮನೆಗೆ ಬರುತ್ತದೆ. ಕಂಪ್ಯೂಟರಿನ ಲೋಕದಲ್ಲಿ ಪೆನ್‌ಡ್ರೈವ್ ಮಾಡುವುದು ಇದೇ ಕೆಲಸ. ಮಕ್ಕಳು ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಪೇಟೆಯ ಜೆರಾಕ್ಸ್ ಅಂಗಡಿಗೆ ಒಯ್ಯುತ್ತಾರೆ. ದಿನಕ್ಕೆ ನೂರು ಪೆನ್‌ಡ್ರೈವ್ ಬಂದು ಹೋಗುವ ಕಂಪ್ಯೂಟರದು. ಮನೆಗೆ ತಂದು ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ.

ಆ ಶಾರ್ಟ್‌ಕಟ್ಟನ್ನು ಒತ್ತಬೇಡಿ, ಒತ್ತಿದರೆ ವೈರಸ್ ಮನೆಯ ಕಂಪ್ಯೂಟರಿಗೆ ಹತ್ತುತ್ತದೆ. 'ಎಲ್ಲ ಹೋಯಿತು' ಎಂದು ಕೂಡಲೇ ಫಾರ್ಮ್ಯಾಟ್ ಮಾಡಲೂ ಬೇಡಿ. ಹೆಚ್ಚಿನ ಸಲ ಅಸಲಿ ಫೋಲ್ಡರುಗಳು ಅಳಿಸಿ ಹೋಗಿರುವುದಿಲ್ಲ, ಅಡಗಿರುತ್ತವೆ ಅಷ್ಟೇ. ಪೆನ್‌ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಡಿಫೆಂಡರಿನಿಂದ ಸ್ಕ್ಯಾನ್ ಮಾಡಿಸಿದ ಮೇಲೆ ಗೊತ್ತಿದ್ದವರು ಅವನ್ನು ಮರಳಿ ಕಾಣಿಸುವ ಹಾಗೆ ಮಾಡಿಕೊಡುತ್ತಾರೆ. ಇನ್ನು ಮುಂದೆ ಪ್ರಿಂಟಿಗೆ ಬೇರೆಯೇ ಒಂದು ಪೆನ್‌ಡ್ರೈವ್ ಇಡಿ. ಅದರಲ್ಲಿ ಪ್ರಿಂಟ್ ಆಗಬೇಕಾದ ಒಂದು ಪಿಡಿಎಫ್ ಬಿಟ್ಟು ಇನ್ನೇನೂ ಇರದಿದ್ದರೆ ಕಳೆದುಕೊಳ್ಳುವುದಕ್ಕೂ ಏನೂ ಇರುವುದಿಲ್ಲ.

ಮೊಬೈಲಿಗೂ ಬರುತ್ತದೆ

ಲ್ಯಾಪ್‌ಟಾಪ್ ಇಲ್ಲದ ಮನೆಯವರು ಇದನ್ನು ಓದಿ ನೆಮ್ಮದಿ ಪಡುವ ಹಾಗಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮದುವೆ ಕರೆಯೋಲೆ, ಪಿಎಂ ಕಿಸಾನ್, ಆರ್‌ಟಿಒ ದಂಡದ ಚೀಟಿ ಎಂಬ ಹೆಸರಿನ ಕಡತ ಬರುತ್ತದೆ. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ಒತ್ತಿ ಹಾಕಿಕೊಂಡರೆ ಅದು ನಿಮ್ಮ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿ ನೇರ ಅವರಿಗೆ. ಕಳಿಸಿದವರು ನಿಮ್ಮ ಅತ್ತಿಗೆಯೇ ಇರಬಹುದು, ಅವರ ಮೊಬೈಲಿಗೆ ಮೊದಲು ಬಂದಿರುತ್ತದೆ, ಅಷ್ಟೇ. ಹಾಕಿಕೊಂಡು ಆಗಿದ್ದರೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಆಮೇಲೆ ಆ ಆ್ಯಪ್ ತೆಗೆಸಿ.

ದುಡ್ಡು ಹೋಗಿದ್ದರೆ

ಖಾತೆಯಿಂದ ಹಣ ಹೋದ ಸಂದೇಶ ಬಂದರೆ ಕಂಪ್ಯೂಟರನ್ನು ಅಲ್ಲೇ ಬಿಡಿ, ಫೋನ್ ಎತ್ತಿ. ಸಂಖ್ಯೆ 1930. ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ದೂರು ಬೇಗ ದಾಖಲಾದರೆ ದಾರಿಯಲ್ಲಿರುವ ಬ್ಯಾಂಕುಗಳಿಗೆ ಸೂಚನೆ ಹೋಗಿ, ಅಷ್ಟು ಹೊತ್ತಿಗೆ ಉಳಿದ ಹಣವನ್ನು ತಡೆಹಿಡಿಯಲು ಆಗುತ್ತದೆ. ಎಟಿಎಮ್ಮಿನಿಂದ ತೆಗೆದುಬಿಟ್ಟ ಮೇಲೆ ತಡೆಯುವುದು ಕಷ್ಟ. ಆದ್ದರಿಂದ 'ಯಜಮಾನರು ಸಂಜೆ ತೋಟದಿಂದ ಬಂದ ಮೇಲೆ ಕೇಳೋಣ' ಎಂದು ಕಾಯಬೇಡಿ. ಖಾತೆ ನಿಮ್ಮ ಹೆಸರಿನಲ್ಲಿದೆ, ಕರೆ ಮಾಡಲು ಯಾರ ಒಪ್ಪಿಗೆಯೂ ಬೇಡ. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ವೇಳೆ, ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಸರ್ಕಾರಿ ಪೋರ್ಟಲ್ಲಿನಲ್ಲೂ ದೂರು ಕೊಡಬಹುದು. ನಮ್ಮ ಜಿಲ್ಲೆಯ ಸಿಇಎನ್ ಅಪರಾಧ ಪೊಲೀಸ್ ಠಾಣೆ ಕಾರವಾರದಲ್ಲಿದೆ. ಘಟ್ಟ ಇಳಿದು ಹೋಗುವ ಮೊದಲು ಮನೆಯಿಂದಲೇ 1930 ಮಾಡಿ.

ಬ್ಯಾಂಕಿಗೆ ತಿಳಿಸುವುದು ಬೇರೆಯೇ ಕೆಲಸ, ಅದನ್ನೂ ಅದೇ ದಿನ ಮಾಡಿ, ತಿಳಿಸಿದ್ದಕ್ಕೆ ದೂರು ಸಂಖ್ಯೆ ಪಡೆದು ಬರೆದಿಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ವಾಣಿಜ್ಯ ಬ್ಯಾಂಕುಗಳಿಗೆ, ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕರ ಹೊಣೆ ಎಷ್ಟು ಎಂದು ಹೇಳಿದೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರು ಹಣ ಕದ್ದಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆಗೆ ಮಿತಿ ಇದೆ. ಒಟಿಪಿಯನ್ನು ನೀವೇ ಹೇಳಿದ್ದರೆ ಮಾತು ಬೇರೆ, ತಿಳಿಸುವವರೆಗೆ ಹೋದ ಹಣ ನಿಮ್ಮ ಮೇಲೇ ಬೀಳುತ್ತದೆ. ಆದರೆ ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ಒಟಿಪಿ ಕೊಟ್ಟೆನಲ್ಲ ಎಂಬ ನಾಚಿಕೆಯಲ್ಲಿ ಸುಮ್ಮನೆ ಕೂರುವವರಿಗೇ ಹೆಚ್ಚು ನಷ್ಟ.

ಒತ್ತೆ ವೈರಸ್ ಮತ್ತು ಗಬ್ಬದ ದಿನಾಂಕ

2017ರ ಮೇ 12ರಂದು 'ವಾನಾಕ್ರೈ' ಎಂಬ ಒತ್ತೆ ವೈರಸ್ 150ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಬಂದಾಗಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ಲಸಿಕೆ ಬಂದಿತ್ತು, ಹಾಕಿಸಿಕೊಂಡಿರಲಿಲ್ಲ. ಕಾಲುಬಾಯಿ ಲಸಿಕೆಗೆ ಹೋದಾಗ 'ಹಾಲು ಕಡಿಮೆ ಆಗ್ತದೆ, ಮುಂದಿನ ಸಲ ನೋಡೋಣ' ಎಂಬ ಮಾತು ಕೇಳಿ ಕೇಳಿ ನನಗೆ ಇದು ಹೊಸದೆನಿಸಲಿಲ್ಲ. ವಿಂಡೋಸ್ 'ಅಪ್‌ಡೇಟ್ ಮಾಡಲೇ?' ಎಂದು ಕೇಳಿದಾಗ ಮುಂದೆ ಹಾಕಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯ ಯಂತ್ರ ಇನ್ನೂ ಅದರಲ್ಲೇ ಇದ್ದರೆ 11ಕ್ಕೆ ಏರಿಸಲು ಬರುತ್ತದೆಯೇ ಎಂದು ಮಕ್ಕಳ ಹತ್ತಿರ ನೋಡಿಸಿ. ಬರದಿದ್ದರೆ ಬ್ಯಾಂಕಿನ ಕೆಲಸವನ್ನು ಅದರಲ್ಲಿ ಮಾಡುವುದನ್ನು ಬಿಡಿ.

ಒತ್ತೆ ವೈರಸ್ ಬಂದು ದುಡ್ಡು ಕೇಳಿದರೆ ಕೊಡಬೇಡಿ. ಕೊಟ್ಟವರಿಗೆಲ್ಲ ಕಡತ ಮರಳಿ ಸಿಕ್ಕಿಲ್ಲ. ಯುರೋಪಿನ ಪೊಲೀಸರು ಮತ್ತು ಆ್ಯಂಟಿವೈರಸ್ ಕಂಪನಿಗಳು 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ಎಂಬ ತಾಣದಲ್ಲಿ ಕೆಲವು ಒತ್ತೆ ವೈರಸ್ಸುಗಳ ಬೀಗ ಬಿಡಿಸುವ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಎಲ್ಲಕ್ಕೂ ಅಲ್ಲ, ಕೆಲವಕ್ಕೆ.

ಇದು ದೊಡ್ಡ ಆಸ್ಪತ್ರೆ, ಕಂಪನಿಗಳ ಮಾತು ಎಂದುಕೊಂಡಿದ್ದೆ, 2024ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ಹೈನುಗಾರರ ಸುದ್ದಿ ಓದುವವರೆಗೆ. ಅವರ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು ರೋಬೋ. ಅದಕ್ಕೆ ಜೋಡಿಸಿದ ಕಂಪ್ಯೂಟರಿಗೆ ಒತ್ತೆ ವೈರಸ್ ಬಂದು 10,000 ಡಾಲರ್ ಕೇಳಿತು. ಅವರು ಕೊಡಲಿಲ್ಲ. ಹಾಲು ಕರೆಯುವುದು ನಿಲ್ಲಲಿಲ್ಲ, ಆದರೆ ಯಾವ ಆಕಳಿಗೆ ಯಾವಾಗ ಗರ್ಭಧಾರಣೆ ಮಾಡಿಸಿದ್ದು ಎಂಬ ದಾಖಲೆ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿತು. ಒಂದು ಗಬ್ಬದ ಆಕಳ ಹೊಟ್ಟೆಯಲ್ಲೇ ಕರು ಸತ್ತದ್ದು ಹೊತ್ತಿಗೆ ಸರಿಯಾಗಿ ಗೊತ್ತಾಗಲಿಲ್ಲ. ಕೊನೆಗೆ ಆಕಳೂ ಉಳಿಯಲಿಲ್ಲ.

ನಮ್ಮಲ್ಲಿ ರೋಬೋ ಇಲ್ಲ. ಆದರೆ ಇಂಜೆಕ್ಷನ್ ಕೊಡಿಸಿದ ದಿನಾಂಕವನ್ನು ಮಗಳ ಲ್ಯಾಪ್‌ಟಾಪಿನ ಎಕ್ಸೆಲ್ಲಿನಲ್ಲಿ, ಮೊಬೈಲಿನ ನೋಟ್ಸಿನಲ್ಲಿ ಮಾತ್ರ ಇಟ್ಟವರು ಈಗ ಬಹಳ ಜನ ಇದ್ದಾರೆ. ಹೆರಿಗೆಗೆ ಕಷ್ಟವಾಗಿ ನನ್ನನ್ನು ಕರೆದಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಆ ದಿನಾಂಕ. ಆಕಳಿಗೆ ಗಬ್ಬದ ಅವಧಿ ಸುಮಾರು 280 ದಿನ. 260 ದಿನಕ್ಕೆ ತಿನಿಕುತ್ತಿದೆಯೋ, 290 ದಾಟಿದೆಯೋ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿರುತ್ತದೆ. 'ಲ್ಯಾಪ್‌ಟಾಪ್ ಹಾಳಾಗಿದೆ ಡಾಕ್ಟ್ರೇ, ಅದರಲ್ಲಿತ್ತು' ಎಂದರೆ ನನ್ನ ಕೈಯೂ ಕಟ್ಟಿದ ಹಾಗೆ. ಇಂಜೆಕ್ಷನ್ ಕೊಟ್ಟವರ ಹತ್ತಿರ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ದಿನಾಂಕ, ಹೋರಿಯ ಸಂಖ್ಯೆ ಮೂರನ್ನೂ ಕೇಳಿ ಪುಸ್ತಕದಲ್ಲಿ ಬರೆಯಿರಿ. ಹಾಲಿನ ಲೆಕ್ಕ, ವಿಮೆಯ ಪತ್ರ, ಪಾಸ್‌ಬುಕ್ಕಿನ ಫೋಟೋ ಕಂಪ್ಯೂಟರಿನಲ್ಲಿದ್ದರೆ ತಿಂಗಳಿಗೊಮ್ಮೆ ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿ ತೆಗೆದಿಡಿ. ಸಿಕ್ಕಿಸಿಯೇ ಬಿಟ್ಟ ಪೆನ್‌ಡ್ರೈವಿಗೂ ಒತ್ತೆ ವೈರಸ್ ಬೀಗ ಹಾಕುತ್ತದೆ, ಆದ್ದರಿಂದ ನಕಲು ಮುಗಿದ ಕೂಡಲೇ ತೆಗೆದು ಕಪಾಟಿನಲ್ಲಿ ಇಡಿ. ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕಡೆ ಆಕಳ ಹೆಸರು ಮತ್ತು ದಿನಾಂಕ, ಇನ್ನೊಂದು ಕಡೆ ದಪ್ಪ ಅಕ್ಷರದಲ್ಲಿ 1930 ಮತ್ತು ನಿಮ್ಮ ಬ್ಯಾಂಕ್ ಶಾಖೆಯ ಸಂಖ್ಯೆ ಬರೆದಿರಲಿ.